ಸಂಸಾರ ಹೇಗೆ ನಡೀತಿದೆ?

ಚೌಕಾಸಿ ಮಾಡದೆ ದುಡ್ಡು ಕೊಟ್ಟು ಹೋಗುವ ಗಿರಾಕಿಯನ್ನು ಕಂಡರೆ ನನಗೆ ಸಂತೋಷವಾಗುವುದಿಲ್ಲ, ದಿಗಿಲಾಗುತ್ತದೆ. ಬಾಣಾವರದ ಸಂತೆಯಲ್ಲಿ ನೆಲದ ಮೇಲೆ ಗಂಟು ಬಿಚ್ಚಿ ಲಂಗ ಮಾರುತ್ತಿದ್ದ ಕಾಲದಿಂದ ಹಿಡಿದು, ಅರಸೀಕೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಸ್ವಂತ ಬೋರ್ಡು ಹಾಕಿಕೊಂಡು ಕೂತಿರುವ ಈವತ್ತಿನವರೆಗೆ ನಾನು ಕಲಿತದ್ದು ಇಷ್ಟು: ಬೆಲೆ ಕೇಳಿ ಜಗಳಕ್ಕೆ ನಿಲ್ಲುವ ಹೆಂಗಸಿಗೆ ಆ ಬಟ್ಟೆ ಉಡುವ ಆಸೆ ಇದೆ. ಕೇಳಿದಷ್ಟು ಕೊಟ್ಟು ಹೊರಡುವವಳ ಮನಸ್ಸು ಬೇರೆಲ್ಲೋ ಇದೆ.

ಹೋದ ತಿಂಗಳು ತೀರಿಕೊಂಡ ನಮ್ಮ ಡ್ರಿಲ್ ಮೇಡಂ ನನ್ನ ಅಂಗಡಿಗೆ ಬರುತ್ತಿದ್ದವರಲ್ಲೆಲ್ಲ ದೊಡ್ಡ ಜಗಳಗಂಟಿ. ಅವರ ಹೆಸರು ಬರೆಯುವುದಿಲ್ಲ. "ನನ್ನ ವಿಷಯ ಯಾರಿಗೆ ಉಪಯೋಗವಾಗುತ್ತೋ ಅವರಿಗೆ ಹೇಳಿ ಅಂಗಡಿಯಮ್ಮ, ಹೆಸರು ಮಾತ್ರ ಬೇಡ. ನನ್ನ ಹತ್ರ ಬೈಸ್ಕೊಂಡಿರೋ ಹುಡುಗೀರು ತಾಲ್ಲೂಕು ತುಂಬಾ ಇದಾರೆ" ಎಂದು ಅವರೇ ಹೇಳಿದ್ದರು. ಮಾತು ಉಳಿಸಿಕೊಳ್ಳಬೇಕು.

ಹೈಸ್ಕೂಲಿನಲ್ಲಿ ಹೆಣ್ಣುಮಕ್ಕಳಿಗೆ ಆಟ, ಕವಾಯತು ಹೇಳಿಕೊಡುತ್ತಿದ್ದವರು. ಕೊರಳಲ್ಲಿ ಎರಡು ದಾರ: ಒಂದರಲ್ಲಿ ಸೀಟಿ, ಇನ್ನೊಂದು ಶಿವದಾರ, ಅದರಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ. ಅಂಗಡಿಯಲ್ಲಿ ನಿಲ್ಲುವುದೂ ಮೈದಾನದಲ್ಲಿ ನಿಂತ ಹಾಗೇ, ಹಿಮ್ಮಡಿ ಜೋಡಿಸಿ, ಬೆನ್ನು ನೆಟ್ಟಗೆ. ನಾನು ಬೆಲೆ ಹೇಳಿದ ಕೂಡಲೇ "ವಿಶ್ರಾಮ್!" ಅನ್ನುವರು. ಮೇಲೆ ಹತ್ತಿ ನಿಂತಿದ್ದೀಯ, ಉಸಿರು ಬಿಟ್ಟು ಕೆಳಗಿಳಿ ಎಂದು ಅದರ ಅರ್ಥ.

ಒಂದು ಸಲ ಅವರು ಹಿಡಿದ ನೈಟಿಯ ಅಂಚಿನಲ್ಲಿ ಅಚ್ಚು ಜಾರಿ ಒಂದು ಹೂವು ಕಲೆಸಿಹೋಗಿತ್ತು.

"ಒಂದು ಹೂವು ತಾನೇ ಮೇಡಂ, ಮನೆಯೊಳಗೆ ಹಾಕೋದನ್ನ ಯಾರು ನೋಡ್ತಾರೆ?" ಎಂದೆ.

"ನಾನು ಹಳೇಬೀಡಿನವಳು ಕಣ್ರೀ. ನಮ್ಮೂರ ಗುಡಿಯಲ್ಲಿ ಮೂಗು ಒಡೆದಿರೋ ಶಿಲೆನೂ ಜನ ಬಸ್ಸು ಮಾಡ್ಕೊಂಡು ಬಂದು ನೋಡ್ತಾರೆ. ಕಾಸಿಲ್ಲದೆ ನೋಡ್ತಾರೆ. ನೀವೂ ಹಾಗೇ ಕೊಡಿ."

ಕಾಸಿಲ್ಲದೆ ಕೊಡಲಿಲ್ಲ. ಆದರೆ ಅವತ್ತು ನನಗೆ ಏನೂ ಗಿಟ್ಟಲೂ ಇಲ್ಲ.

ಅವರ ಯಜಮಾನರು ಕೊಬ್ಬರಿ ವ್ಯಾಪಾರಿ, ಕಣಕಟ್ಟೆ ಕಡೆ ಸ್ವಲ್ಪ ತೋಟವೂ ಇದೆ. ತೆಂಗಿನಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ ಒಳಗಿನ ಗುಟ್ಟು ಹೇಳುವ ಮನುಷ್ಯ, ಹೆಂಗಸರ ಅಂಗಡಿಯ ಮೆಟ್ಟಿಲು ಹತ್ತಲು ಮಾತ್ರ ನಾಚಿಕೆ. ಹೆಂಡತಿಯನ್ನು ಸ್ಕೂಟರಿನಲ್ಲಿ ಕರೆತಂದು, ಎದುರಿನ ಎಳನೀರು ಗಾಡಿಯ ಹತ್ತಿರ ನಮ್ಮ ಕಡೆ ಬೆನ್ನು ಮಾಡಿ ನಿಲ್ಲುವರು. ಬಾಗಿಲಿಗೆ ತೂಗುಹಾಕಿದ ಲಂಗ, ಬಾಡಿ ಕಣ್ಣಿಗೆ ಬೀಳಬಾರದಲ್ಲ! ಮೇಡಂ ಒಳಗಿನಿಂದ ನೋಡಿ ನಗುವರು. "ಆ ಬೆನ್ನು ನೋಡಿ, ಎಷ್ಟು ಮರ್ಯಾದಸ್ತ ಬೆನ್ನು. ಮನೇಲಿ ಇಷ್ಟಿಲ್ಲ." ಗಂಡನ ಮೇಲೆ ಆಸೆ ಇರುವ ಹೆಂಗಸು ಅವರು. ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಗಿಳಿಹಸಿರು, ರಾಣಿ ಬಣ್ಣ, ಅರಿಸಿನ. ಮಂಕು ಬಣ್ಣ ತೋರಿಸಿದರೆ "ಇದನ್ನ ಹೆಡ್‌ಮಿಸ್ಸಿಗೆ ಇಡಿ" ಅನ್ನುವರು.

ಆಮೇಲೆ ತುಂಬಾ ತಿಂಗಳು ಬರಲೇ ಇಲ್ಲ. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಆಯಿತಂತೆ ಎಂದಷ್ಟೇ ಸುದ್ದಿ. ನಮ್ಮ ಊರಲ್ಲಿ ಹೆಂಗಸಿಗೆ ಆಪರೇಷನ್ ಎಂದರೆ ಗರ್ಭಕೋಶ, ಇನ್ನೇನೂ ಯಾರೂ ಕೇಳುವುದಿಲ್ಲ.

ಮತ್ತೆ ಬಂದಾಗ ಮಧ್ಯಾಹ್ನ, ಅಂಗಡಿಯಲ್ಲಿ ಯಾರೂ ಇರದ ಹೊತ್ತು. ಇಳಿದುಹೋಗಿದ್ದರು. ಕೊರಳಲ್ಲಿ ಸೀಟಿ ಇಲ್ಲ. ಕರಡಿಗೆ ಎದೆಯ ಮೇಲೆ ಇರಬೇಕಾದ್ದು ಗಂಟಲ ಗುಳಿಗೆ ಬಂದು ಕೂತಿತ್ತು, ಶಿವದಾರವನ್ನು ಮೋಟು ಮಾಡಿ ಕಟ್ಟಿಕೊಂಡಿದ್ದರು. ಕಪ್ಪು, ಕಂದು ಬಣ್ಣದ ನೈಟಿ ಕೇಳಿದರು, ಅವರ ಅಳತೆಗಿಂತ ಬಹಳ ದೊಡ್ಡವು. ನಾನು ಬೇಕೆಂದೇ ಬೆಲೆ ಏರಿಸಿ ಹೇಳಿದೆ. ಪರ್ಸು ತೆಗೆದರು.

ನಾನೇ ಕೇಳಿದೆ, "ವಿಶ್ರಾಮ್ ಅನ್ನಲ್ವಾ ಮೇಡಂ?"

"ಯಾಕಮ್ಮಾ, ಬೇಡ. ಲಾಡಿ ಇಲ್ಲದ ಲಂಗ ಇದ್ರೆ ಅದೂ ಕೊಡಿ."

ಲಾಡಿ ಇಲ್ಲದೆ ಸೀರೆ ಎಲ್ಲಿ ಸಿಕ್ಕಿಸುವುದು? ಎಲಾಸ್ಟಿಕ್‌ನದು ತೋರಿಸಿದೆ, ಅದೂ ಒತ್ತುತ್ತದೆ ಎಂದರು. ಅಳತೆ ನೋಡೋಣವೆಂದು ಟೇಪು ಹಿಡಿದು ಸೊಂಟ ಬಳಸಿದೆ. ಬಲಗಡೆ ಬಂದ ನನ್ನ ಮಣಿಕಟ್ಟನ್ನು ತಟ್ಟನೆ ಹಿಡಿದುಕೊಂಡರು. "ಅಲ್ಲಿ ಬೇಡ." ಆಮೇಲೆ ಏನನ್ನಿಸಿತೋ, ಬಟ್ಟೆ ಹಾಕಿ ನೋಡುವ ಮೂಲೆಗೆ ನನ್ನನ್ನೂ ಕರೆದುಕೊಂಡು ಹೋಗಿ ಪರದೆ ಎಳೆದರು.

ಹೊಟ್ಟೆಯ ಬಲಗಡೆ, ಹೊಕ್ಕುಳಿಗಿಂತ ಸ್ವಲ್ಪ ಕೆಳಗೆ, ಅಂಗೈ ಅಗಲದ ಒಂದು ಚೀಲ ಮೈಗೆ ಅಂಟಿಕೊಂಡಿತ್ತು. ತುದಿಯಲ್ಲಿ ಚಿಕ್ಕ ನಲ್ಲಿ. ಮೂತ್ರಚೀಲದಲ್ಲಿ ಕ್ಯಾನ್ಸರ್ ಬಂದು ಅದನ್ನೇ ತೆಗೆದುಬಿಟ್ಟಿದ್ದರು. ಸಣ್ಣಕರುಳಿನ ಒಂದು ತುಂಡು ಕತ್ತರಿಸಿ ದಾರಿ ಮಾಡಿ, ಹೊಟ್ಟೆಯ ಮೇಲೆ ಬಾಯಿ ಬಿಡಿಸಿದ್ದರು. ಮೂತ್ರ ಇನ್ನು ಜೀವಮಾನವಿಡೀ ಆ ಚೀಲಕ್ಕೇ. ತುಂಬಿದಾಗ ನಲ್ಲಿ ತಿರುಗಿಸಿ ಚೆಲ್ಲಬೇಕು. ರಾತ್ರಿ ಉದ್ದನೆ ಟ್ಯೂಬು ಸೇರಿಸಿ ಮಂಚದ ಕೆಳಗೆ ದೊಡ್ಡ ಚೀಲ ಇಟ್ಟುಕೊಳ್ಳಬೇಕು. ಲಂಗದ ಲಾಡಿ ಸರಿಯಾಗಿ ಅದರ ಮೇಲೇ ಬರುತ್ತಿತ್ತು.

ಇಲ್ಲಿ ಒಂದು ಬುದ್ಧಿಮಾತು ಹೇಳಿ ಮುಂದೆ ಹೋಗುತ್ತೇನೆ. ಮೂತ್ರದಲ್ಲಿ ಒಂದು ಸಲ ರಕ್ತ ಕಂಡರೂ, ನೋವಿಲ್ಲದಿದ್ದರೂ, ಡಾಕ್ಟರ ಹತ್ತಿರ ಹೋಗಿ. ಮೇಡಂ ಉಷ್ಣಕ್ಕೆ ಆಗಿರಬೇಕು ಅಂದುಕೊಂಡು ಒಂದು ವರ್ಷ ಸುಮ್ಮನಿದ್ದರು.

ಸ್ಟೂಲಿನ ಮೇಲೆ ಕೂರಿಸಿ ಕಾಫಿ ತರಿಸಿದೆ. ನಾನು ಸಲಹೆ ಕೊಡುವುದಕ್ಕೆ ಯಾರ ಅಪ್ಪಣೆಯನ್ನೂ ಕಾಯುವವಳಲ್ಲ. ಲಂಗದ ಪಟ್ಟಿ ಅಗಲ ಮಾಡಿ ಎದೆಯ ಕೆಳಗೇ ಕಟ್ಟುವ ಹಾಗೆ ಹೊಲಿಸಿಕೊಡ್ತೀನಿ, ಸೀರೆ ಬೇಡದ ದಿನ ಚೂಡಿದಾರ ಹಾಕಿ, ಎಂದೆಲ್ಲ ಶುರುಮಾಡಿದೆ. ಅವರು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ.

"ಅದೆಲ್ಲಾ ಇನ್ನು ಯಾಕಮ್ಮಾ? ರಿಟೈರಾದ ಕೂಡಲೆ ನಾನು ಹಳೇಬೀಡಿಗೆ ಅಣ್ಣನ ಮನೆಗೆ ಹೋಗಿ ಇದ್ದುಬಿಡ್ತೀನಿ. ಇನ್ನು ಕೆಲವೇ ತಿಂಗಳು."

"ಯಜಮಾನರು?"

"ಅವರು ಇಲ್ಲಿರ್ತಾರೆ. ಅವರಿಗೇನು ವಯಸ್ಸಾಗಿದೆ? ಈ ವಾಸನೆ, ಈ ಟ್ಯೂಬು, ಇದರ ಜೊತೆ ಅವರು ಯಾಕೆ ಮಲಗಬೇಕು? ಆಸ್ಪತ್ರೆಯಿಂದ ಬಂದ ದಿನದಿಂದ ಅವರು ಹಾಲಲ್ಲಿ ಚಾಪೆ ಹಾಕ್ಕೊಂಡು ಮಲಗ್ತಾರೆ. ನಾನೂ ಕರೀಲಿಲ್ಲ, ಅವರೂ ಬರಲಿಲ್ಲ. ಅಸಹ್ಯ ಇರುತ್ತಮ್ಮಾ. ಬಾಯಿಬಿಟ್ಟು ಹೇಳಲ್ಲ, ಒಳ್ಳೆಯವರು." ಎದುರಿನ ಎಳನೀರು ಗಾಡಿಯ ಕಡೆ ನೋಡಿದರು. ಬೆನ್ನು ಅಲ್ಲೇ ಇತ್ತು. "ಕಾಯಿ ಅಲ್ಲಾಡಿಸಿ ಒಳಗೆ ಏನಿದೆ ಅಂತ ಹೇಳ್ತಾರೆ. ನನ್ನೊಳಗೆ ಏನಿದೆ ಅಂತ ಕೇಳೋಕೆ ಬರಲ್ಲ."

"ಡಾಕ್ಟರು ಏನಂತಾರೆ? ಕೂಡಬಾರದು ಅಂದಿದಾರಾ?"

ಆಗ ಆ ಕಥೆ ಹೇಳಿದರು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ನರ್ಸಮ್ಮ ಇವರ ಕಿವಿಯಲ್ಲಿ, "ಸ್ವಲ್ಪ ದಿವಸ ಸಂಸಾರ ಬೇಡ" ಎಂದಿದ್ದಳು. ಗಂಡ ಹೆಂಡತಿ ಕೂಡುವುದಕ್ಕೆ ಆಸ್ಪತ್ರೆಯವರು ಆಡುವ ಮಾತು ಅದು, ಮಗು ಹೆತ್ತ ಎಲ್ಲ ಹೆಂಗಸರೂ ಕೇಳಿರುತ್ತಾರೆ. ಸ್ವಲ್ಪ ದಿವಸ ಅಂದರೆ ಎಲ್ಲಿಯವರೆಗೆ ಎಂದು ಅವಳು ಹೇಳಲಿಲ್ಲ, ಇವರು ಕೇಳಲಿಲ್ಲ. ಆಮೇಲೆ ಚೆಕಪ್ಪಿಗೆ ಇಬ್ಬರೂ ಹೋದಾಗ ದೊಡ್ಡ ಡಾಕ್ಟರು ಗಾಯ ನೋಡಿ, ರಿಪೋರ್ಟು ನೋಡಿ, ಕೊನೆಯಲ್ಲಿ ಯಜಮಾನರ ಕಡೆ ತಿರುಗಿ ಕೇಳಿದರಂತೆ:

"ಸಂಸಾರ ಹೇಗೆ ನಡೀತಿದೆ?"

"ಚೆನ್ನಾಗಿ ನಡೀತೈತೆ ಸಾರ್" ಎಂದರಂತೆ ಯಜಮಾನರು. "ಮಗಳ ಮದುವೆ ಮಾಡಿದ್ವಿ, ಬೀಗ್ರು ಒಳ್ಳೆ ಜನ. ಈ ಸಲ ಕೊಬ್ಬರಿಗೂ ರೇಟು ಪರವಾಗಿಲ್ಲ."

ಡಾಕ್ಟರು "ಗುಡ್, ಗುಡ್" ಎಂದು ಫೈಲು ಮುಚ್ಚಿದರು.

ನನಗೆ ನಗು ಬಂದುಬಿಟ್ಟಿತು. ಬಾಯಿಗೆ ಸೆರಗು ಒತ್ತಿಕೊಂಡೆ. ಮೇಡಂ ಕೂಡ ನಕ್ಕರು. ನಗುನಗುತ್ತಲೇ ಕಣ್ಣಲ್ಲಿ ನೀರು ಬಂತು. "ಡಾಕ್ಟರು ಏನು ಕೇಳಿದ್ರು ಅಂತ ನನಗೆ ಗೊತ್ತಾಯ್ತು ಕಣ್ರೀ. ಪಕ್ಕದಲ್ಲೇ ಕೂತಿದ್ದೆ. ಸಾವಿರ ಹುಡುಗೀರನ್ನ ಒಂದೇ ಕೂಗಿಗೆ ನಿಲ್ಲಿಸಿದವಳು ನಾನು. ಅವತ್ತು ಬಾಯೇ ಬರಲಿಲ್ಲ. ಇನ್ನು ಯಾರೂ ಕೇಳಲ್ಲ ಬಿಡಿ. ಫೈಲಲ್ಲಿ ಚೆನ್ನಾಗಿದೆ ಅಂತ ಆಗಿಹೋಯ್ತು."

ನಾನು ಬಟ್ಟೆ ತಿಳಿದವಳು, ಹೊಟ್ಟೆಯೊಳಗಿನದು ನನಗೇನು ಗೊತ್ತು? ಆದರೆ ವ್ಯಾಪಾರ ಗೊತ್ತು. ಒಂದು ಕಡೆಯವರು ಕೇಳಿದ್ದು ಒಂದು, ಇನ್ನೊಂದು ಕಡೆಯವರು ಹೇಳಿದ್ದು ಇನ್ನೊಂದು ಆದರೆ ಆ ಮಾತು ಮುಗಿದ ಹಾಗಲ್ಲ. ಮತ್ತೆ ಬಾಯಿ ತೆರೆಯಬೇಕು. ಹಾಗೇ ಹೇಳಿದೆ. "ಮೇಡಂ, ಅಣ್ಣನ ಮನೆ ಎಲ್ಲೂ ಓಡಿಹೋಗಲ್ಲ. ಮುಂದಿನ ಚೆಕಪ್ಪಿಗೆ ಹೋದಾಗ ನೀವೇ ಕೇಳಿ. ಡಾಕ್ಟರ ಹತ್ರ ಆಗದಿದ್ರೆ ಚೀಲ ಹಾಕೋದು ಕಲಿಸ್ತಾರಲ್ಲ, ಆ ಸಿಸ್ಟರ ಹತ್ರ ಕೇಳಿ. ಯಜಮಾನರನ್ನ ಪಕ್ಕದಲ್ಲಿ ಕೂರಿಸ್ಕೊಂಡೇ ಕೇಳಿ. ಅಸಹ್ಯ ಪಟ್ಟವರು ಅವರೋ ನೀವೋ, ಅದೂ ಗೊತ್ತಾಗಲಿ."

ಮುಖ ಗಂಟು ಹಾಕಿಕೊಂಡರು. "ಒಡೆದ ಮಡಕೆ ಕಣಮ್ಮಾ ನಾನು."

"ಹಳೇಬೀಡಿನವರು ಆಡೋ ಮಾತಾ ಇದು? ಒಡೆದ ಮೂಗು ನೋಡೋಕೆ ಬಸ್ಸು ಮಾಡ್ಕೊಂಡು ಬರ್ತಾರೆ ಅಂದಿದ್ದು ಯಾರು?"

ಮೇಡಂ ಪರ್ಸು ಮುಚ್ಚಿ ಎದ್ದರು. ಆ ದೊಗಲೆ ನೈಟಿಗಳನ್ನು ನಾನು ಕೊಡಲಿಲ್ಲ. ಗಿರಾಕಿಗೆ ಇಲ್ಲ ಅಂದದ್ದು ನನ್ನ ವ್ಯಾಪಾರದಲ್ಲಿ ಅದೊಂದೇ ಸಲ ಇರಬೇಕು. ಪಟ್ಟಿ ಅಗಲದ ಲಂಗಗಳನ್ನು ಮಾತ್ರ ಹೊಲಿಸಿ ಕಳಿಸಿದೆ.

ಬೇಸಿಗೆ ಕಳೆದು ಶಾಲೆ ಶುರುವಾದ ಮೇಲೆ ಬಂದರು. ಮೆಟ್ಟಿಲ ಮೇಲಿಂದಲೇ, "ಏನ್ರೀ ಅಂಗಡಿಯಮ್ಮ, ಗಿರಾಕಿಗೆ ಬಟ್ಟೆ ಕೊಡದೆ ಓಡಿಸ್ತೀರಂತೆ!" ದನಿ ಬಂದಿತ್ತು.

ಚೆಕಪ್ಪಿನಲ್ಲಿ ಡಾಕ್ಟರು ಮತ್ತೆ ಅದೇ ಪ್ರಶ್ನೆ ಕೇಳಿದ್ದರು. ಯಜಮಾನರು "ಚೆನ್ನಾಗೈತೆ" ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಮೇಡಂ ಕುರ್ಚಿಯಿಂದ ಎದ್ದು, ಹಿಮ್ಮಡಿ ಜೋಡಿಸಿ ನಿಂತು, "ಸಾರ್, ತೋಟದ ಸಂಸಾರ ಚೆನ್ನಾಗಿದೆ. ನೀವು ಕೇಳಿದ ಸಂಸಾರ ನಿಂತುಹೋಗಿದೆ" ಎಂದುಬಿಟ್ಟರಂತೆ. ಡಾಕ್ಟರು ಪೆನ್ನು ಕೆಳಗಿಟ್ಟರು. ಯಜಮಾನರು ಕಿವಿವರೆಗೂ ಕೆಂಪಾದರು.

ಮೇಡಮ್ಮನ್ನು ಪರೀಕ್ಷೆ ಮಾಡಿ, ಇಬ್ಬರನ್ನೂ ಸಿಸ್ಟರ ಕೋಣೆಗೆ ಕಳಿಸಿದರು. ಆ ಸಿಸ್ಟರು ಬಾಗಿಲು ಹಾಕಿಕೊಂಡು, ನಮ್ಮನೆ ಅಕ್ಕತಂಗಿಯರು ಮಾತಾಡುವ ಹಾಗೆ ಬಿಡಿಸಿ ಹೇಳಿದರಂತೆ. ಹೆಂಗಸರಿಗೆ ಮೂತ್ರಚೀಲ ತೆಗೆಯುವಾಗ ಎಷ್ಟೋ ಸಲ ಗರ್ಭಕೋಶವನ್ನೂ, ಯೋನಿಯ ಗೋಡೆಯ ಒಂದು ಭಾಗವನ್ನೂ ತೆಗೆಯಬೇಕಾಗುತ್ತದೆ. ಮೇಡಮ್ಮಿಗೂ ಹಾಗೇ ಆಗಿತ್ತು. ದಾರಿ ಚಿಕ್ಕದಾಗಿರುತ್ತದೆ, ಒಣಗಿರುತ್ತದೆ, ಮೊದಲಿನ ಹಾಗೆ ಇರುವುದಿಲ್ಲ. ನೋವಾದರೆ ಹಲ್ಲು ಕಚ್ಚಿ ಸಹಿಸಬಾರದು, ಹೇಳಬೇಕು. ಅದಕ್ಕೆ ಜೆಲ್ ಇದೆ, ಡಾಕ್ಟರು ಬರೆದುಕೊಡುವ ಮುಲಾಮು ಇದೆ, ದಾರಿಯನ್ನು ನಿಧಾನವಾಗಿ ಸಡಿಲ ಮಾಡುವ ಉಪಾಯ ಇದೆ. ಮುಂಚೆ ಚೀಲ ಖಾಲಿ ಮಾಡಿಕೊಳ್ಳಿ, ಮೇಲೊಂದು ಬಟ್ಟೆ ಸುತ್ತಿಕೊಳ್ಳಿ, ಅದರ ಮೇಲೆ ಭಾರ ಬೀಳದ ಹಾಗೆ ಪಕ್ಕಕ್ಕೆ ಮಲಗಿ. ಕ್ಯಾನ್ಸರು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಬರೀ ತಬ್ಬಿಕೊಂಡು ಮಲಗಿದರೂ ಅದು ಸಂಸಾರವೇ. ಮನಸ್ಸಿಲ್ಲದಿದ್ದರೆ ಬೇಡ, ಅದೂ ತಪ್ಪಲ್ಲ. ಆದರೆ ಬೇಡ ಅನ್ನುವುದನ್ನೂ ಇಬ್ಬರೂ ಮಾತಾಡಿ ಬೇಡ ಅನ್ನಿ.

ಎಲ್ಲ ಕೇಳಿಸಿಕೊಂಡು ಯಜಮಾನರು ಹೆಗಲ ಟವೆಲನ್ನು ಹಿಂಡುತ್ತಾ ಕೇಳಿದ್ದು ಒಂದೇ. "ಅಲ್ಲಿ ನನ್ನ ಕೈ ತಗುಲಿ ಏನಾದ್ರೂ ಕಿತ್ತುಕೊಂಡು ಬಂದ್ರೆ ಸಿಸ್ಟರ್? ಇವಳಿಗೆ ಏನಾದ್ರೂ ಆಗ್ಬಿಟ್ರೆ?"

"ಕಿತ್ತು ಬರೋದು ಚೀಲ ಅಷ್ಟೇ ಯಜಮಾನರೇ, ಬೇರೆ ಅಂಟಿಸಿದ್ರಾಯ್ತು" ಎಂದರು ಸಿಸ್ಟರು.

ಆ ಮನುಷ್ಯ ಹಾಲಿನಲ್ಲಿ ಚಾಪೆ ಹಾಕಿಕೊಂಡದ್ದು ಅಸಹ್ಯಕ್ಕಲ್ಲ. ನಿದ್ದೆಗಣ್ಣಿನಲ್ಲಿ ಹೊರಳಿ ಕೈ ಬಿದ್ದೀತು ಎಂಬ ಹೆದರಿಕೆಗೆ. ಹೆಂಡತಿ ಕರೆಯಲಿಲ್ಲವಾದ್ದರಿಂದ ಅವಳಿಗೆ ನೋವಿರಬೇಕು, ಬೇಡವಾಗಿರಬೇಕು ಅಂದುಕೊಂಡಿದ್ದರು. ಬರುವಾಗ ರೈಲಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು, "ಒಂದು ಸಲ ನೀನು ಹೋದೆ ಅಂತಲೇ ತಿಳ್ಕೊಂಡಿದ್ದೆ ಕಣೇ. ಅದಕ್ಕೇ ಮುಟ್ಟೋಕೆ ಭಯ" ಎಂದರಂತೆ. ಆಮೇಲೆ ಮತ್ತೆ, "ಆ ಕರಡಿಗೆ ಯಾಕೆ ಅಷ್ಟು ಮೇಲಕ್ಕೆ ಕಟ್ಟಿದೀಯ? ಲಿಂಗ ಇರೋ ಮೈಗೆ ಎಲ್ಲಿ ಮೈಲಿಗೆ? ಇಳಿಸೆ" ಎಂದರಂತೆ. ಆಸ್ಪತ್ರೆಯಿಂದ ಬಂದಾಗಿನಿಂದ ಮೇಡಂ ಅದನ್ನು ಚೀಲದಿಂದ ಆದಷ್ಟು ದೂರ ಇಟ್ಟಿದ್ದರು. ಅದನ್ನು ಯಜಮಾನರು ಗಮನಿಸಿದ್ದಾರೆಂದೇ ಇವರಿಗೆ ಗೊತ್ತಿರಲಿಲ್ಲ.

ನನ್ನ ಎದುರಿಗೆ ನಿಂತಿದ್ದ ಮೇಡಮ್ಮಿನ ಎದೆಯ ಮೇಲೆ ಕರಡಿಗೆ ಮೊದಲಿನ ಜಾಗದಲ್ಲೇ ಇತ್ತು.

"ಚಾಪೆ?" ಎಂದೆ. ತಡೆದುಕೊಳ್ಳಲಾಗಲಿಲ್ಲ.

"ಚಾಪೆ ಸುತ್ತಿ ಅಟ್ಟಕ್ಕೆ ಹಾಕಿದೀವಿ. ಉಳಿದದ್ದು ನಿಧಾನ. ನೋವಾಗುತ್ತೆ, ನಿಲ್ಲಿಸ್ತೀವಿ. ಟ್ಯೂಬು ಕಾಲಿಗೆ ಸುತ್ಕೊಳ್ಳುತ್ತೆ, ನಗು ಬರುತ್ತೆ. ಒಂದು ದಿವಸ ಚೀಲ ಬಿಟ್ಟುಕೊಂಡು ಹಾಸಿಗೆಯೆಲ್ಲಾ ಒದ್ದೆ. ನಾನು ಅಳೋಕೆ ಶುರುಮಾಡಿದ್ರೆ ಅವರು 'ಮಗಳು ಚಿಕ್ಕವಳಿದ್ದಾಗ ದಿನಾ ಹಿಂಗೇ ಆಗ್ತಿರಲಿಲ್ವಾ' ಅಂತ ಬೆಡ್‌ಶೀಟ್ ಎಳೆದ್ರು." ಆಮೇಲೆ ದನಿ ತಗ್ಗಿಸಿ, "ಸಿಸ್ಟರು ಒಂದು ವ್ಯಾಯಾಮ ಹೇಳಿಕೊಟ್ಟಿದಾರೆ. ಕೆಳಗಿನ ಸ್ನಾಯು ಬಿಗಿ ಹಿಡಿಯೋದು, ಸಡಿಲ ಬಿಡೋದು. ಸಡಿಲ ಬಿಡೋದೇ ಮುಖ್ಯವಂತೆ. ಇಷ್ಟು ವರ್ಷ ಡ್ರಿಲ್ ಮಾಡಿಸಿದೀನಲ್ಲ, ಸೀಟಿ ಇಲ್ಲದ ಡ್ರಿಲ್ ಇದೊಂದೇ. ಬಸ್ಸಲ್ಲಿ ಕೂತು ಮಾಡ್ತೀನಿ, ಕಂಡಕ್ಟರಿಗೂ ಗೊತ್ತಾಗಲ್ಲ!"

ಇಬ್ಬರೂ ನಕ್ಕಿದ್ದು ನೋಡಿ ಬೇರೆ ಗಿರಾಕಿಗಳು ತಿರುಗಿದರು.

ಚೀಲದ ಮೇಲೆ ಹಾಕಿಕೊಳ್ಳಲು ಒಂದು ಗವಸು ಹೊಲಿಸಿಕೊಡಿ ಎಂದರು. ನಾನು ಮೆತ್ತನೆ ಬಿಳಿ ಹತ್ತಿ ಬಟ್ಟೆ ತೆಗೆದೆ.

"ಇದನ್ನ ಹೆಡ್‌ಮಿಸ್ಸಿಗೆ ಇಡಿ. ಗಿಳಿಹಸಿರು ಇಲ್ವಾ?"

ರವಿಕೆ ಕತ್ತರಿಸಿ ಉಳಿದ ಗಿಳಿಹಸಿರು ರೇಷ್ಮೆ ಇತ್ತು. ಒಳಗೆ ಹತ್ತಿ, ಮೇಲೆ ರೇಷ್ಮೆ, ಸುತ್ತ ಸಣ್ಣ ಅಂಚು ಎಂದು ಮಾತಾಯಿತು. ಬೆಲೆ ಹೇಳಿದೆ.

"ವಿಶ್ರಾಮ್!" ಎಂದರು ಮೇಡಂ. "ಅಂಗೈ ಅಗಲ ಬಟ್ಟೆಗೆ ಇಷ್ಟಾ? ಉಳಿದ ಚೂರು ತಾನೇ?"

ಅವತ್ತಿನಷ್ಟು ಸಂತೋಷದಿಂದ ನಾನು ಯಾವತ್ತೂ ಸೋತಿಲ್ಲ. ಸೋಲುವ ಮುಂಚೆ ಜಗಳ ಮಾತ್ರ ಚೆನ್ನಾಗಿ ಆಡಿದೆ. ಸುಮ್ಮನೆ ಬಿಟ್ಟುಕೊಟ್ಟಿದ್ದರೆ ಅವರಿಗೆ ಕನಿಕರ ಅನ್ನಿಸುತ್ತಿತ್ತು.

ರಿಟೈರಾದ ಮೇಲೆ ಹಳೇಬೀಡಿಗೆ ಹೋಗುತ್ತಿದ್ದರು, ಹೋದ ದಿನವೇ ಸಂಜೆ ಬಸ್ಸಿಗೆ ವಾಪಸ್ಸು. ಇಬ್ಬರೂ ಬೇಲೂರು ಕಡೆಯೆಲ್ಲ ಸುತ್ತುವರು. ಆಸ್ಪತ್ರೆಯಲ್ಲಿ ಪರಿಚಯವಾದ ಒಬ್ಬಿಬ್ಬರು ಹೆಂಗಸರನ್ನು ನನ್ನ ಹತ್ತಿರ ಲಂಗಕ್ಕೆ ಕಳಿಸಿದ್ದುಂಟು. ಅವರಿಗೆ ನಾನು ಲಂಗದ ಜೊತೆ ಮೇಡಮ್ಮಿನ ಮಾತನ್ನೂ ಕಟ್ಟಿಕೊಡುತ್ತೇನೆ: ಡಾಕ್ಟರು ಸಂಸಾರ ಹೇಗಿದೆ ಅಂದರೆ, ಯಾವ ಸಂಸಾರ ಸಾರ್ ಎಂದು ಕೇಳಿ. ಕೇಳದೆ ಬಂದರೆ ನಷ್ಟ ನಿಮಗೆ.

ಮೇಡಂ ಹೋದದ್ದು ಹೃದಯ ನಿಂತು. ಆ ಕಾಯಿಲೆ ಮತ್ತೆ ಬಂದಿರಲಿಲ್ಲ. ಬೆಳಿಗ್ಗೆ ಕಾಫಿ ಕುಡಿದು, ಲೋಟ ಕೊಡುತ್ತಾ ಹೋದರಂತೆ.

ಅದಾದ ಕೆಲವು ದಿನಕ್ಕೆ ಎಳನೀರು ಗಾಡಿಯ ಹತ್ತಿರ ಸ್ಕೂಟರು ನಿಂತಿತು. ನಾನು ಅಭ್ಯಾಸಬಲದಿಂದ ಮೆಟ್ಟಿಲ ಕಡೆ ನೋಡಿದೆ. ಯಜಮಾನರು ರಸ್ತೆ ದಾಟಿ ಬಂದು, ತೂಗುಹಾಕಿದ ಲಂಗಗಳನ್ನು ಕೈಯಿಂದ ಸರಿಸಿಕೊಂಡು, ತಲೆ ತಗ್ಗಿಸದೆ ಒಳಗೆ ಬಂದರು. ಮೊದಲನೇ ಸಲ. ಮೇಡಮ್ಮಿನ ಶಿವಗಣಾರಾಧನೆಯ ಕಾರ್ಡು ಕೊಟ್ಟರು. ಮೇಡಂ ಕೂರುತ್ತಿದ್ದ ಸ್ಟೂಲು ತೋರಿಸಿದೆ, ಕೂತರು. ಈ ಸಲ ನನ್ನ ಹತ್ತಿರ ಸಲಹೆ ಕೊಡಲು ಏನೂ ಇರಲಿಲ್ಲ.

ಅವರೇ ಮೂಲೆಯ ಆ ಪರದೆಯ ಕಡೆ ನೋಡುತ್ತಾ ಹೇಳಿದರು.

"ಅವಳು ನಿಮ್ಮ ಹತ್ರ ಎಲ್ಲಾ ಹೇಳಿರ್ತಾಳೆ ಬಿಡಿ ಅಕ್ಕ. ಡಾಕ್ಟ್ರು ಅವತ್ತು ಕೇಳಿದ್ರಲ್ಲ, ಸಂಸಾರ ಹೆಂಗೆ ನಡೀತೈತೆ ಅಂತ. ಚೆನ್ನಾಗಿ ನಡೀತೈತೆ ಅಂದಿದ್ದಕ್ಕೆ ಸಾಯೋತನಕ ಆಡಿಕೊಂಡ್ಲು ನನ್ನ."

ಎದ್ದು, ಟವೆಲು ಹೆಗಲಿಗೆ ಹಾಕಿಕೊಂಡರು.

"ನಾನು ಹೇಳಿದ್ದು ಸುಳ್ಳೇನಲ್ಲ ಕಣಕ್ಕ. ಸ್ವಲ್ಪ ಮುಂಚೆ ಹೇಳ್ಬಿಟ್ಟಿದ್ದೆ, ಅಷ್ಟೆ."